ಕಾಲು ನೋಡಿ ಕಾಲ ಹೇಳಬಹುದೇ?

ಹಳೆಯ ಮರದ ಬರೆಯುವ ಮೇಜೊಂದು ಎದುರಿಗೆ ಬಂದರೆ, ಅದು ಯಾವ ಕಾಲದ್ದೆಂದು ತಿಳಿಯಲು ಪುರಾತನ ವಸ್ತುಗಳ ವ್ಯಾಪಾರಿ ಮೊದಲು ಬಗ್ಗಿ ನೋಡುವುದು ಅದರ ಕಾಲನ್ನು. ಕಾಲು ಮಂಡಿಯಲ್ಲಿ ಉಬ್ಬಿ, ಕೆಳಗೆ ಬಳುಕಿ ನಿಂತಿದ್ದರೆ ಫ್ರಾನ್ಸಿನ ಹದಿನೈದನೆಯ ಲೂಯಿಯ ಶೈಲಿ. ನೆಟ್ಟಗೆ ನಿಂತು, ಕೆಳಗಿಳಿದಂತೆ ಸಣ್ಣಗಾಗಿ, ಉದ್ದಕ್ಕೂ ಗೀರು ಕೊರೆಸಿಕೊಂಡಿದ್ದರೆ ಹದಿನಾರನೆಯ ಲೂಯಿಯ ಶೈಲಿ. ಪಾದದಲ್ಲಿ ಹದ್ದಿನ ಉಗುರು ಚೆಂಡನ್ನು ಹಿಡಿದಿದ್ದರೆ ಇಂಗ್ಲೆಂಡಿನ ಚಿಪ್ಪೆಂಡೇಲ್ ಶೈಲಿ. ಹರಾಜಿನ ಪಟ್ಟಿಗಳಲ್ಲಿ, ವಸ್ತುಸಂಗ್ರಹಾಲಯಗಳ ಚೀಟಿಗಳಲ್ಲಿ, ಅಲಂಕಾರಕಲೆಯ ಪುಸ್ತಕಗಳಲ್ಲಿ ನಡೆದುಬಂದಿರುವ ರೂಢಿ ಇದು. ಇದು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಇದು ನಮ್ಮ ಕಣ್ಣನ್ನು ಮೇಜಿನ ತಪ್ಪು ಭಾಗಕ್ಕೆ ಕಟ್ಟಿಹಾಕಿದೆ ಎಂಬುದು ನನ್ನ ವಾದ. ಬರೆಯುವ ಮೇಜು ಕುರ್ಚಿಯಂತಲ್ಲ, ಊಟದ ಮೇಜಿನಂತೆಯೂ ಅಲ್ಲ. ಅದು ಕಾಗದವನ್ನು ಕಾಯುವ ವಸ್ತು. ಆದ್ದರಿಂದ ಅದರ ಚರಿತ್ರೆಯನ್ನು ಮುಚ್ಚಳದಲ್ಲಿ, ಬೀಗದಲ್ಲಿ, ಒಳಗಿನ ಖಾನೆಗಳಲ್ಲಿ ಹುಡುಕಬೇಕು. ಯಾರ ಕಾಗದವನ್ನು ಯಾರ ಕಣ್ಣಿಗೆ ಬೀಳದಂತೆ ಇಡಲು ಇದನ್ನು ಮಾಡಿದರು ಎಂದು ಕೇಳಿದರೆ ಮೇಜು ತನ್ನ ಕಾಲವನ್ನು ತಾನೇ ಹೇಳುತ್ತದೆ. ಯಾವ ರಾಜನ ಹೆಸರಿನ ಶೈಲಿ ಎಂದಷ್ಟೇ ಕೇಳಿದರೆ ಅರ್ಧ ಹೇಳಿ ಸುಮ್ಮನಾಗುತ್ತದೆ.

ಮೊದಲು ಈ ಹೆಸರುಗಳ ಯೋಗ್ಯತೆಯನ್ನೇ ಪರೀಕ್ಷಿಸೋಣ. ಎರಡು ಪಕ್ಕದಲ್ಲೂ ಡ್ರಾಯರುಗಳ ಸಾಲು, ನಡುವೆ ಮಂಡಿ ತೂರಿಸಲು ಸಂದು, ಕೆಳಗೆ ಎಂಟು ಕಾಲು ಇರುವ ಫ್ರೆಂಚ್ ಮೇಜಿಗೆ ‘ಬ್ಯೂರೋ ಮಜರಾಂ’ ಎನ್ನುತ್ತಾರೆ. ಮಂತ್ರಿ ಕಾರ್ಡಿನಲ್ ಮಜರಾಂ ತೀರಿಕೊಂಡದ್ದು 1661ರಲ್ಲಿ. ಈ ಬಗೆಯ ಮೇಜು ಬಳಕೆಗೆ ಬಂದದ್ದು ಅವನ ನಂತರ. ಅದಕ್ಕೆ ಅವನ ಹೆಸರಿಟ್ಟವರು 19ನೆಯ ಶತಮಾನದವರು. ಹದಿನಾರನೆಯ ಲೂಯಿ ಪಟ್ಟಕ್ಕೆ ಬಂದದ್ದು 1774ರಲ್ಲಿ. ಆದರೆ ಅವನ ಹೆಸರಿನ ನೆಟ್ಟಗಿನ ಗೆರೆಯ ಶೈಲಿ ಅದಕ್ಕೆ ಹತ್ತು ವರ್ಷಕ್ಕೂ ಮೊದಲೇ, ಅವನ ಅಜ್ಜನ ಆಳ್ವಿಕೆಯಲ್ಲೇ ಪ್ಯಾರಿಸಿನಲ್ಲಿ ಬೇರೂರಿತ್ತು. ಇಂಗ್ಲೆಂಡಿನ ರಾಣಿ ಆನ್ ಆಳಿದ್ದು 1702ರಿಂದ 1714ರವರೆಗೆ. ಅಮೆರಿಕದ ವಸಾಹತುಗಳಲ್ಲಿ ‘ಕ್ವೀನ್ ಆನ್’ ಎಂದು ಕರೆಯುವ ಮೇಜುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅವಳು ಸತ್ತು ಹತ್ತಾರು ವರ್ಷಗಳಾದ ಮೇಲೆ. ಇಂಗ್ಲೆಂಡಿನ ಕುಶಲಕರ್ಮಿಗಳ ಹೆಸರು ಹೊತ್ತ ಶೈಲಿಗಳ ಕಥೆಯೂ ಇದಕ್ಕಿಂತ ಗಟ್ಟಿಯಿಲ್ಲ. ಹೆಪ್ಪಲ್‌ವೈಟನ ವಿನ್ಯಾಸಗಳ ಪುಸ್ತಕವನ್ನು 1788ರಲ್ಲಿ ಹೊರತಂದವಳು ಅವನ ವಿಧವೆ. ಅವನ ಕೈಯಲ್ಲೇ ಆದದ್ದೆಂದು ಖಚಿತವಾಗಿ ತೋರಿಸಬಲ್ಲ ಮೇಜು ಒಂದೂ ಇಲ್ಲ. ಶೆರಟನ್ನನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಅಚ್ಚು ಹಾಕಿಸಿದ ಪ್ರಸಿದ್ಧ ವಿನ್ಯಾಸ ಪುಸ್ತಕದಲ್ಲಿ, ಅವನ ಗುರುತೆಂದೇ ಜನ ನಂಬಿರುವ ಉಗುರು-ಚೆಂಡಿನ ಪಾದದ ಚಿತ್ರ ಕಾಣಸಿಗುವುದಿಲ್ಲ. ಅವನ ಕಾರ್ಖಾನೆಯಿಂದ ಬಂದ ಬಹು ಹೆಸರಾಂತ ಮೇಜು 1771ರ ಸುಮಾರಿಗೆ ಹೇರ್‌ವುಡ್ ಭವನಕ್ಕೆ ಮಾಡಿದ್ದು. ಈಗ ಅದು ಲೀಡ್ಸ್ ನಗರದ ಟೆಂಪಲ್ ನ್ಯೂಸಮ್ ಭವನದಲ್ಲಿದೆ. ಗ್ರೀಕ್-ರೋಮನ್ ಅಲಂಕಾರದ ಆ ಮೇಜನ್ನು ಶೈಲಿಯ ಹೆಸರಿನಿಂದಲೇ ವಿಂಗಡಿಸುವವರು ‘ಚಿಪ್ಪೆಂಡೇಲ್’ ಗುಂಪಿಗೆ ಸೇರಿಸಲಾರರು. ಚಿಪ್ಪೆಂಡೇಲನೇ ಮಾಡಿದ್ದು ಚಿಪ್ಪೆಂಡೇಲ್ ಶೈಲಿಯದಲ್ಲ ಎನ್ನಬೇಕಾಗಿ ಬಂದಾಗ ಈ ಶೈಲಿಯ ಪಂಚಾಂಗವನ್ನೇ ಸ್ವಲ್ಪ ಅನುಮಾನಿಸುವುದು ಒಳ್ಳೆಯದು.

ಹೆಸರುಗಳನ್ನು ಬದಿಗಿಟ್ಟರೆ ಏನು ಉಳಿಯುತ್ತದೆ? ಬರವಣಿಗೆಗೂ ಮೇಜಿಗೂ ಇರುವ ಸಂಬಂಧ ಉಳಿಯುತ್ತದೆ. ಆ ಸಂಬಂಧ ನಾವು ಅಂದುಕೊಂಡಷ್ಟು ಸಹಜವಾದುದಲ್ಲ. ಬರೆಯುವವರು ಇದ್ದಲ್ಲೆಲ್ಲ ಬರೆಯುವ ಮೇಜು ಇರಲಿಲ್ಲ ಎಂಬುದಕ್ಕೆ ಕನ್ನಡನಾಡೇ ಸಾಕ್ಷಿ. ನಮ್ಮ ಲಿಪಿಕಾರರು ಶತಮಾನಗಳ ಕಾಲ ತಾಳೆಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಂಟವೆಂಬ ಮೊನೆಗಡ್ಡಿಯಿಂದ ಅಕ್ಷರ ಕೊರೆದರು. ಅದಕ್ಕೆ ಮೇಜು ಬೇಕಿರಲಿಲ್ಲ, ಕೈಯೇ ಆಧಾರವಾಗಿತ್ತು. ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಟ್ಟರೆ ಒಂದು ಗರಿಯೂ ಆಚೀಚೆ ಹೋಗುವಂತಿರಲಿಲ್ಲ. ವ್ಯಾಪಾರಿಗಳೂ ಶಾನುಭೋಗರೂ ಬಳಸಿದ ಕಡತವೂ ಹೀಗೆಯೇ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಡತ ಎಷ್ಟೇ ಉದ್ದವಾದರೂ ಒಂದೇ ವಸ್ತು. ಬಿಡಿ ಹಾಳೆಗಳ ರಾಶಿಯಲ್ಲ. ಗೂಡುಗೂಡಾಗಿ ವಿಂಗಡಿಸಿಡುವ ತೊಂದರೆ ಅದಕ್ಕಿಲ್ಲ. ಬಿಡಿ ಕಾಗದದ ವ್ಯವಹಾರ ಬಂದ ಮೇಲೆ ಅಂಗಡಿಗಳಲ್ಲಿ, ಶಾನುಭೋಗರ ಜಗಲಿಗಳಲ್ಲಿ ಕಾಣಿಸಿಕೊಂಡದ್ದು ಚಕ್ಕಳಮಕ್ಕಳ ಹಾಕಿ ಕೂತು ಬರೆಯುವ, ಇಳಿಜಾರು ಮುಚ್ಚಳದ ಪುಟ್ಟ ಪೆಟ್ಟಿಗೆ. ಮುಚ್ಚಳದ ಮೇಲೆ ಬರೆಯುವುದು, ಎತ್ತಿದರೆ ಒಳಗೆ ಚೀಟಿ, ರಸೀದಿ, ಚಿಲ್ಲರೆ; ಹೊರಗೊಂದು ಬೀಗ. ಎಂದರೆ ಮೇಜಿಗೆ ಕಾರಣವಾದದ್ದು ಬರವಣಿಗೆ ಅಲ್ಲ, ಬಿಡಿ ಕಾಗದ. ಒಂದು ಹಾಳೆ ಇನ್ನೊಂದರಿಂದ ಬೇರೆಯಾಗಿ ಕಳೆದುಹೋಗಬಹುದು, ಕಳುವಾಗಬಹುದು, ಬೇರೆಯವರು ಓದಬಹುದು ಎಂಬ ಭಯ ಹುಟ್ಟಿದಲ್ಲಿ ಮೇಜು ಹುಟ್ಟುತ್ತದೆ.

ಯುರೋಪಿನಲ್ಲಿ ಈ ಭಯ ಬೆಳೆದ ದಾರಿಯನ್ನು ಮರದಲ್ಲೇ ಓದಬಹುದು. ಸ್ಪೇನಿನ ಅರಸರ ಆಸ್ಥಾನ 1561ರಲ್ಲಿ ಮ್ಯಾಡ್ರಿಡ್ಡಿನಲ್ಲಿ ನೆಲೆಯೂರುವ ತನಕ ಊರಿಂದೂರಿಗೆ ಸಾಗುತ್ತಿತ್ತು. ಆ ಕಾಲದ ಅಲ್ಲಿನ ಬರವಣಿಗೆ ಪೆಟ್ಟಿಗೆಗೆ ಎರಡು ಪಕ್ಕದಲ್ಲಿ ಎತ್ತಿ ಸಾಗಿಸಲು ಕಬ್ಬಿಣದ ಹಿಡಿಗಳು, ಮುಂದಕ್ಕೆ ಬೀಳುವ ಹಲಗೆ, ಹಲಗೆಯ ಹಿಂದೆ ಸಣ್ಣ ಸಣ್ಣ ಡ್ರಾಯರುಗಳು. ಅದೇ ಮಾದರಿಯನ್ನು ಪೋರ್ಚುಗೀಸರಿಗಾಗಿ ನಮ್ಮ ಗುಜರಾತ್ ಮತ್ತು ಸಿಂಧ್ ಕಡೆಯ ಬಡಗಿಗಳೂ ದಂತ ಕೂರಿಸುವ ಕೆಲಸ ಮಾಡಿ ಕೊಟ್ಟರು. ಮನೆತನಗಳು ಒಂದೇ ಕಡೆ ನಿಂತ ಮೇಲೆ ಪೆಟ್ಟಿಗೆಗೆ ಕೆಳಗೆ ಡ್ರಾಯರುಗಳ ಪೀಠ ಬಂತು. 17ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಳಿಜಾರು ಮುಚ್ಚಳದ ಬ್ಯೂರೋ ರೂಪುಗೊಂಡಿತ್ತು. ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ, ಆದ್ದರಿಂದ ಮಾತಿನಲ್ಲೇ ಜೋಡಿಸುತ್ತೇನೆ. ಕೆಳಗೆ ಮೂರೋ ನಾಲ್ಕೋ ಅಗಲದ ಡ್ರಾಯರು. ಅವುಗಳ ಮೇಲೆ ಹಿಂದಕ್ಕೆ ಒರಗಿದ ಹಲಗೆ. ಬೀಗ ತೆಗೆದು ಹಲಗೆಯನ್ನು ಮುಂದಕ್ಕೆ ಬಾಗಿಸಿದರೆ ಅದೇ ಬರೆಯುವ ಜಾಗ. ಅದು ಕೆಳಗೆ ಬೀಳದಂತೆ ಎರಡೂ ಕಡೆಯಿಂದ ಮರದ ಪಟ್ಟಿಗಳನ್ನು ಎಳೆದು ಆಸರೆ ಕೊಡಬೇಕು. ಒಳಗೆ ಪತ್ರ ನಿಲ್ಲಿಸುವ ಗೂಡುಗಳು, ಶಾಯಿ-ಮರಳಿಗೆ ಡಬ್ಬಿ, ನಡುವೆ ಪುಟ್ಟ ಬಾಗಿಲು. ಈ ರಚನೆಯಲ್ಲಿ ಒಂದು ಕಟ್ಟುಪಾಡಿದೆ. ಮುಚ್ಚಳ ಹಾಕಬೇಕಾದರೆ ಹಲಗೆಯ ಮೇಲಿನ ಕಾಗದವನ್ನೆಲ್ಲ ಮೊದಲು ಒಳಗೆ ಜೋಡಿಸಿಡಬೇಕು. ದಿನದ ಕೊನೆಗೆ ಲೆಕ್ಕ ಮುಗಿಸಿ ಏಳುವ ವರ್ತಕನಿಗೆ, ಜಮೀನ್ದಾರನಿಗೆ ಇದು ಸರಿ. ಬರೆಯುತ್ತಿರುವಾಗಲೇ ಬಾಗಿಲು ತಟ್ಟುವವರಿರುವ ಮನುಷ್ಯನಿಗೆ ಸಾಲದು.

ಅಂಥ ಮನುಷ್ಯನಿಗಾಗಿ ಮಾಡಿದ ಮೇಜು ವರ್ಸೇಲ್ಸ್ ಅರಮನೆಯಲ್ಲಿದೆ. ಹದಿನೈದನೆಯ ಲೂಯಿಯ ಒಳಕೋಣೆಗಾಗಿ ಜ್ಯಾಂ-ಫ್ರಾಂಸ್ವಾ ಓಬೆನ್ 1760ರಲ್ಲಿ ಅದನ್ನು ಆರಂಭಿಸಿದ. 1763ರಲ್ಲಿ ಅವನು ತೀರಿಕೊಂಡ ಮೇಲೆ, ಅವನ ಕಾರ್ಖಾನೆಯಲ್ಲೇ ಕೆಲಸ ಮಾಡಿ ಮುಂದೆ ಅವನ ವಿಧವೆಯನ್ನು ಮದುವೆಯಾದ ಜ್ಯಾಂ-ಆಂರಿ ರೀಸ್ನರ್ 1769ರಲ್ಲಿ ಮುಗಿಸಿ ಒಪ್ಪಿಸಿದ. ಒಂಬತ್ತು ವರ್ಷದ ಈ ಕೆಲಸದ ಹೂವಿನ ಕೂರಿಸುವಿಕೆ, ಚಿನ್ನದ ಲೇಪದ ಕಂಚಿನ ಗೊಂಬೆಗಳು, ನೆತ್ತಿಯ ಮೇಲಿನ ಎರಡು ಮುಖದ ಗಡಿಯಾರ ಇವುಗಳ ವರ್ಣನೆಗೆ ಎಲ್ಲ ಪುಸ್ತಕಗಳಲ್ಲೂ ಪುಟಗಟ್ಟಲೆ ಜಾಗವಿದೆ. ನಾವು ಮುಚ್ಚಳವನ್ನು ನೋಡೋಣ. ಅದು ಅರ್ಧ ಉರುಳೆಯಂತೆ ಬಾಗಿದ ಮರದ ಮುಚ್ಚಳ. ಎಳೆದರೆ ಎದುರಿಗಿರುವುದೆಲ್ಲವನ್ನೂ ಇದ್ದಲ್ಲೇ ಇರುವಂತೆ ಮುಚ್ಚಿಬಿಡುತ್ತದೆ. ಅರ್ಧ ಬರೆದ ಸಾಲನ್ನು ಅರ್ಧಕ್ಕೇ ಬಿಟ್ಟು ಮುಚ್ಚಬಹುದು. ಕೀಲಿಕೈಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚಳವೂ ಡ್ರಾಯರುಗಳೂ ಒಟ್ಟಿಗೆ ಬೀಗ ಹಾಕಿಕೊಳ್ಳುತ್ತವೆ. ಶಾಯಿಕುಡಿಕೆಗಳಿಗೆ ಪಕ್ಕದಿಂದ ಬೇರೆ ದಾರಿ. ಸೇವಕರು ಮೇಜನ್ನು ತೆರೆಯದೆಯೇ ಶಾಯಿ ತುಂಬಬಹುದು. ರಾಜನ ಕೋಣೆಗೆ ಬರಬಲ್ಲ ಸೇವಕನೂ ರಾಜನ ಕಾಗದ ನೋಡಬಾರದೆಂಬ ಯೋಚನೆ ಇಲ್ಲಿ ಯಂತ್ರವಾಗಿದೆ. ಇದೇ ದೊರೆ, ಇದೇ ವರ್ಷಗಳಲ್ಲಿ, ತನ್ನ ಮಂತ್ರಿಗಳಿಗೂ ತಿಳಿಯದಂತೆ ವಿದೇಶಗಳ ಜೊತೆ ಸ್ವಂತ ಪತ್ರವ್ಯವಹಾರದ ಜಾಲ ನಡೆಸುತ್ತಿದ್ದನೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ. ಅದನ್ನು ‘ರಾಜನ ಗುಟ್ಟು’ ಎಂದೇ ಕರೆಯುತ್ತಾರೆ. ಮುಂದೆ ಕ್ರಾಂತಿಯ ಸರ್ಕಾರ ಅರಮನೆಯ ಪೀಠೋಪಕರಣಗಳಿಂದ ರಾಜಚಿಹ್ನೆಗಳನ್ನು ತೆಗೆಸಿದಾಗ ಈ ಮೇಜಿನ ಚಿಹ್ನೆಗಳೂ ಹೋದವು. ಅಲಂಕಾರ ಬದಲಾಯಿತು, ಬೀಗದ ತರ್ಕ ಹಾಗೆಯೇ ಉಳಿಯಿತು. ಎರಡರಲ್ಲಿ ಯಾವುದು ಮೇಜಿನ ಎಲುಬು ಎಂಬುದನ್ನು ಕ್ರಾಂತಿಯೇ ತೋರಿಸಿಕೊಟ್ಟಿತು.

ಇಲ್ಲಿ ಮೊದಲ ಆಕ್ಷೇಪಣೆ ಬರುತ್ತದೆ, ಅದು ಬಲವಾದದ್ದೇ. ಮೇಜಿನ ಮರ್ಮ ಮುಚ್ಚುವುದರಲ್ಲಿದೆ ಎನ್ನುವುದಾದರೆ, ಅದೇ ಫ್ರಾನ್ಸಿನಲ್ಲಿ, ಅದೇ ಶತಮಾನದಲ್ಲಿ ಅತ್ಯಂತ ಗೌರವದ ಮೇಜಾಗಿದ್ದ ‘ಬ್ಯೂರೋ ಪ್ಲಾ’ ಏಕೆ ಪೂರಾ ತೆರೆದ ಮೇಜು? ಉದ್ದನೆಯ ಸಮತಟ್ಟು ಹಲಗೆ, ಮೇಲೆ ತೊಗಲು ಹೊದಿಕೆ, ಕೆಳಗೆ ಮೂರು ತೆಳು ಡ್ರಾಯರು, ಮುಚ್ಚಳವೆಂಬುದೇ ಇಲ್ಲ. ಆಮೆಚಿಪ್ಪು ಮತ್ತು ಹಿತ್ತಾಳೆಯನ್ನು ಒಂದರೊಳಗೊಂದು ಕೂರಿಸುವ ಕೆಲಸಕ್ಕೆ ತನ್ನ ಹೆಸರನ್ನೇ ಕೊಟ್ಟ ಆಂದ್ರೆ-ಶಾರ್ಲ್ ಬೂಲ್ ಇಂಥ ಮೇಜುಗಳನ್ನು ಮಾಡಿದವರಲ್ಲಿ ಮೊದಲಿಗ. ಮಂತ್ರಿಗಳು, ತೆರಿಗೆ ಗುತ್ತಿಗೆದಾರರು ಇದರ ಹಿಂದೆಯೇ ಕೂತು ಚಿತ್ರ ಬರೆಸಿಕೊಂಡರು. ಉತ್ತರ ಆ ಮೇಜಿನ ಸುತ್ತಮುತ್ತಲೇ ಇದೆ. ಇದರ ಒಂದು ತುದಿಗೆ ಕಾಗದಗಳನ್ನಿಡುವ ಬೇರೆಯದೇ ಬೀರುವನ್ನು ಇಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಗುಮಾಸ್ತರು, ಬಾಗಿಲಲ್ಲಿ ಜವಾನರು. ಮಂತ್ರಿ ಕಾಗದವನ್ನು ಕಾಯುವುದಿಲ್ಲ, ಕಾಯಿಸುತ್ತಾನೆ. ಅವನಿಗೆ ಇಡೀ ಕೋಣೆಯೇ ಬೀಗ. ಆದ್ದರಿಂದ ತೆರೆದ ಮೇಜು ನನ್ನ ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ: ಮೇಜು ಮುಚ್ಚುತ್ತದೆಯೋ ಇಲ್ಲವೋ ಎಂದಷ್ಟೇ ಕೇಳಿದರೆ ಸಾಲದು, ಮುಚ್ಚುವ ಕೆಲಸ ಯಾರ ಪಾಲಿಗೆ ಬಿದ್ದಿದೆ ಎಂದು ಕೇಳಬೇಕು. ತನ್ನ ಕಾಗದವನ್ನು ತಾನೇ ಕಾಯಬೇಕಾದವನಿಗೆ ಮುಚ್ಚುವ ಮೇಜು. ಬೇರೆಯವರು ಕಾಯುವಷ್ಟು ಮೇಲಿರುವವನಿಗೆ ತೆರೆದ ಮೇಜು. ತೆರೆದ ಮೇಜಿಗೆ ಇನ್ನೊಬ್ಬ ವಾರಸುದಾರನೂ ಇದ್ದಾನೆ. ಅವನ ಬಳಿಗೆ ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ತನ್ನದನ್ನು ತಾನೇ ಕಾಯಬೇಕಾದವರಲ್ಲಿ ಹೆಂಗಸರು ಮುಖ್ಯರು. 1760ರ ದಶಕದಲ್ಲಿ ಪ್ಯಾರಿಸಿನಲ್ಲಿ ‘ಬೊನರ್ ದ್ಯೂ ಜೂರ್’ ಎಂಬ ಪುಟ್ಟ ಮೇಜು ಬಂತು. ತೆಳ್ಳನೆಯ ಕಾಲು, ಹಿಂಬದಿಯಲ್ಲಿ ಎತ್ತರಿಸಿದ ಸಣ್ಣ ಕಪಾಟು, ಬೀಗದ ಡ್ರಾಯರು. ಎತ್ತಿ ಕಿಟಕಿಯ ಬಳಿಗೆ ಒಯ್ಯಬಹುದಾದಷ್ಟು ಹಗುರ. ಇದನ್ನು ನಾಜೂಕಿನ ಶೃಂಗಾರ ಸಾಮಗ್ರಿಯೆಂದು ವರ್ಣಿಸಿ ಮುಂದೆ ಹೋಗುವುದು ವಾಡಿಕೆ. ಆದರೆ ಆಗಿನ ಕಾನೂನನ್ನು ಪಕ್ಕದಲ್ಲಿಟ್ಟು ನೋಡಿ. ಉದಾಹರಣೆಗೆ, ಇಂಗ್ಲೆಂಡಿನಲ್ಲಿ 1870 ಮತ್ತು 1882ರ ಕಾಯಿದೆಗಳು ಬರುವ ತನಕ ಮದುವೆಯಾದ ಹೆಂಗಸಿನ ಚರಾಸ್ತಿಯೆಲ್ಲ ಸಾಮಾನ್ಯವಾಗಿ ಗಂಡನಿಗೆ ಸೇರುತ್ತಿತ್ತು. ಅಂಥ ಮನೆಯಲ್ಲಿ, ತನ್ನ ಕೈಯಲ್ಲಿ ಕೀಲಿ ಇರುವ ಒಂದು ಡ್ರಾಯರು ಎಂದರೆ ಕಾನೂನು ಕೊಡದ ಏಕಾಂತವನ್ನು ಬಡಗಿ ಕೊಟ್ಟಂತೆ. ಮೇಜಿಡುವಷ್ಟು ಜಾಗವಿಲ್ಲದವರಿಗೆ ಇಳಿಜಾರು ಪೆಟ್ಟಿಗೆಯಿತ್ತು. ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಬಳಸಿದ ಅಂಥ ಪೆಟ್ಟಿಗೆ ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಯಾರಾದರೂ ಇಲ್ಲಿ ತಡೆದು ಕೇಳಬಹುದು: ಈ ಮೇಜುಗಳಲ್ಲಿ ಇರುತ್ತಿದ್ದ ಗುಪ್ತ ಖಾನೆಗಳೆಲ್ಲ ಆಟಿಕೆಗಳಲ್ಲವೇ? ಎಲ್ಲಿ ಒತ್ತಿದರೆ ತೆರೆಯುತ್ತದೆಂದು ಬಡಗಿಗಳಿಗೂ ಕಳ್ಳರಿಗೂ ತಿಳಿದಿರಲಿಲ್ಲವೇ? ತಿಳಿದಿತ್ತು, ನಿಜ. ಜರ್ಮನಿಯ ನಾಯ್‌ವೀಡಿನ ಡೇವಿಡ್ ರೋಂಟ್‌ಗೆನ್ 1779ರ ಹೊತ್ತಿಗೆ ಮಾಡಿದ, ಪ್ರಷ್ಯದ ಎರಡನೆಯ ಫ್ರೆಡರಿಕ್ ವಿಲಿಯಂನ ಪಾಲಾದ ಬೃಹತ್ ಮೇಜಿನಲ್ಲಿ ಕೀಲಿ ತಿರುಗಿಸಿದರೆ ಬಾಗಿಲುಗಳು ತಾವೇ ತೆರೆದು ಖಾನೆಗಳು ಹೊರಬರುತ್ತಿದ್ದವು. ಅದನ್ನು ಅತಿಥಿಗಳಿಗೆ ತೋರಿಸುವುದೇ ಒಂದು ಪ್ರದರ್ಶನ. ಆದರೆ ಗುಟ್ಟನ್ನು ಕಾಯುವುದು ಬೇರೆ, ತನ್ನಲ್ಲಿ ಗುಟ್ಟಿದೆ ಎಂದು ತೋರಿಸಿಕೊಳ್ಳುವುದು ಬೇರೆ. ಎರಡನೆಯದು ಅಂತಸ್ತಿನ ಲಕ್ಷಣವಾದದ್ದು ಮೊದಲನೆಯದಕ್ಕೆ ಬೆಲೆ ಬಂದ ಕಾಲದಲ್ಲೇ ಎಂಬುದು ನನ್ನ ಮಾತಿಗೆ ಪುಷ್ಟಿ ಕೊಡುತ್ತದೆ.

ಎರಡನೆಯ ಆಕ್ಷೇಪಣೆ ಸೌಂದರ್ಯವನ್ನು ಬಲ್ಲವರದು. ಬೀಗ ಎಲ್ಲ ದೇಶದಲ್ಲೂ ಬೀಗವೇ. ಹಾಗಿದ್ದೂ ಫ್ರೆಂಚ್ ಮೇಜು ಇಂಗ್ಲಿಷ್ ಮೇಜಿನಂತಿಲ್ಲ. 1700ರ ಬ್ಯೂರೋ 1760ರ ಬ್ಯೂರೋದಂತಿಲ್ಲ. ಉಪಯೋಗವೊಂದೇ ಆದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಶೈಲಿಯಿಂದಲೇ ಅಲ್ಲವೇ? ವ್ಯತ್ಯಾಸವನ್ನು ನಾನು ಅಲ್ಲಗಳೆಯುವುದಿಲ್ಲ; ಅದರ ಕಾರಣವನ್ನು ಅಭಿರುಚಿಯ ಒಳಗೇ ಹುಡುಕುವುದನ್ನು ಒಪ್ಪುವುದಿಲ್ಲ. ರಾಣಿ ಆನ್ ಕಾಲದ ಇಂಗ್ಲಿಷ್ ಬ್ಯೂರೋಗಳ ಮೈ ವಾಲ್‌ನಟ್ ಮರದ್ದು, ಅಂದರೆ ಅಕ್ರೋಟು. ಅದನ್ನು ತೆಳುವಾಗಿ ಸೀಳಿ, ಎಳೆಗಳ ಚಿತ್ತಾರ ಎದುರುಬದುರಾಗುವಂತೆ ಅಂಟಿಸುತ್ತಿದ್ದರು. 1709ರ ಭೀಕರ ಚಳಿಗಾಲದಲ್ಲಿ ಯುರೋಪಿನ ಅಕ್ರೋಟು ಮರಗಳು ಅಪಾರವಾಗಿ ಸತ್ತವು. 1721ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ಅಮೆರಿಕನ್ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕ ತೆಗೆಯಿತು. ಜಮೈಕದಿಂದ ಮಹಾಗನಿ ಬಂದಿಳಿಯತೊಡಗಿತು. ಮಹಾಗನಿ ಅಗಲವಾದ ಹಲಗೆ ಕೊಡುತ್ತದೆ, ಸುಲಭವಾಗಿ ಹುಳು ಹಿಡಿಯುವುದಿಲ್ಲ, ಉಳಿಯ ಅಂಚನ್ನು ಚೂಪಾಗಿ ಉಳಿಸಿಕೊಳ್ಳುತ್ತದೆ. ಅಂಟಿಸಿದ ಚಿತ್ತಾರದಿಂದ ಕೆತ್ತನೆಯ ಕಡೆಗೆ ಇಂಗ್ಲಿಷ್ ಮೇಜು ಹೊರಳಿದ್ದರಲ್ಲಿ ಚಿಪ್ಪೆಂಡೇಲನ ಪ್ರತಿಭೆಗೆ ಎಷ್ಟು ಪಾಲಿದೆಯೋ ಸುಂಕದ ಕಾಯಿದೆಗೂ ಅಷ್ಟೇ ಪಾಲಿದೆ. ಆ ಮಹಾಗನಿಯನ್ನು ಜಮೈಕ ಮತ್ತು ಹೊಂಡುರಾಸಿನ ಕಾಡುಗಳಲ್ಲಿ ಕಡಿದವರು ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ‘ಚಿಪ್ಪೆಂಡೇಲ್ ಶೈಲಿ’ ಎಂಬ ಚೀಟಿಯಲ್ಲಿ ಅವರಿಗೆ ಜಾಗವಿಲ್ಲ. ‘ಮಹಾಗನಿ, ಜಮೈಕ’ ಎಂದು ಬರೆದರೆ ಅವರ ನೆರಳಾದರೂ ಬೀಳುತ್ತದೆ.

ಶೈಲಿಯ ಪಂಚಾಂಗ ಪೂರ್ತಿ ಕೈಕೊಡುವುದು ನಮ್ಮ ಪೂರ್ವ ಕರಾವಳಿಯಲ್ಲಿ. ವಿಶಾಖಪಟ್ಟಣದಲ್ಲಿ 18ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗಾಗಿ ಕಂಸಾಲಿ ಕುಶಲಕರ್ಮಿಗಳು ಬ್ಯೂರೋಗಳನ್ನು ಮಾಡುತ್ತಿದ್ದರು. ಆಕಾರ ಇಂಗ್ಲಿಷ್ ಬ್ಯೂರೋದ್ದೇ, ಇಳಿಜಾರು ಮುಚ್ಚಳ ಸಮೇತ. ಮರ ಬೀಟೆ ಅಥವಾ ತೇಗ. ಅಂಚಿನುದ್ದಕ್ಕೂ ದಂತದ ಪಟ್ಟಿ ಕೂರಿಸಿ, ಅದರಲ್ಲಿ ಹೂಬಳ್ಳಿ ಕೊರೆದು, ಕೊರೆದ ಗೆರೆಗೆ ಕರಿ ಅರಗು ತುಂಬುತ್ತಿದ್ದರು. ಆ ಬಳ್ಳಿಗಳು ಕೋರಮಂಡಲ ತೀರದ ಚಿತ್ತಾರದ ಬಟ್ಟೆಗಳ ಬಳ್ಳಿಗಳ ಬಂಧುಗಳು. ಇದು ಯಾವ ಶೈಲಿ? ಇಂಗ್ಲೆಂಡಿನ ಜಾರ್ಜ್ ದೊರೆಯದೇ, ಕಂಸಾಲಿಗಳದೇ? ಶೈಲಿಗಳ ಪಟ್ಟಿಯಲ್ಲಿ ಉತ್ತರವಿಲ್ಲ. ಕಾಗದದ ಪ್ರಶ್ನೆ ಕೇಳಿದರೆ ಉತ್ತರ ಸಲೀಸು. ಕಂಪನಿ ಎಂಬುದು ಪತ್ರಗಳ ಮೇಲೆ ನಡೆದ ಸರ್ಕಾರ. ಅದರ ನೌಕರರ ಮೊದಲ ದರ್ಜೆಯ ಹೆಸರೇ ರೈಟರ್. ಅವರಿಗಾಗಿ ಕಲ್ಕತ್ತೆಯಲ್ಲಿ 1777ರಲ್ಲಿ ಕಟ್ಟಲು ಹೊರಟದ್ದೇ ರೈಟರ್ಸ್ ಬಿಲ್ಡಿಂಗ್. ಹಗಲು ಕಂಪನಿಯ ಪತ್ರಗಳನ್ನು ಪ್ರತಿಮಾಡುತ್ತಿದ್ದ ಈ ಜನರಲ್ಲಿ ಅನೇಕರು ತಮ್ಮ ಸ್ವಂತ ವ್ಯಾಪಾರವನ್ನೂ ನಡೆಸುತ್ತಿದ್ದರು. ಕಂಪನಿಯ ಕಾಗದವನ್ನು ಊರಿನವರಿಂದಲೂ, ಸ್ವಂತ ವ್ಯಾಪಾರದ ಕಾಗದವನ್ನು ಕಂಪನಿಯಿಂದಲೂ ದೂರ ಇಡಬೇಕಾದವನಿಗೆ ಬೀಗದ ಬ್ಯೂರೋ ಶೋಕಿಯ ವಸ್ತುವಾಗಿರಲಿಲ್ಲ. ದಂತದ ಹೂಬಳ್ಳಿ ಅವನ ಸಂಪಾದನೆಯನ್ನು ಹೇಳಿದರೆ, ಬೀಗ ಆ ಸಂಪಾದನೆಯ ದಾರಿಯನ್ನು ಹೇಳುತ್ತದೆ.

ಮುಚ್ಚುವ ಮೇಜಿನ ತುತ್ತತುದಿಯೂ ಅದರ ಪತನವೂ ಅಮೆರಿಕದಲ್ಲಿ ಒಂದೇ ದಶಕದಲ್ಲಿ ಶುರುವಾದವು. ಇಂಡಿಯಾನಾಪೊಲಿಸಿನ ವಿಲಿಯಂ ವೂಟನ್ 1874ರಲ್ಲಿ ಪೇಟೆಂಟು ಪಡೆದ ಮೇಜಿನ ಎರಡು ಮುಂಬಾಗಿಲುಗಳು ಕೀಲಿನ ಮೇಲೆ ಅಗಲವಾಗಿ ತೆರೆದುಕೊಳ್ಳುತ್ತಿದ್ದವು. ಬಾಗಿಲುಗಳ ಒಳಮೈಯೂ ಗೂಡುಗಳೇ. ನೂರಕ್ಕೂ ಹೆಚ್ಚು ಗೂಡುಗಳು, ಎಲ್ಲಕ್ಕೂ ಸೇರಿ ಒಂದು ಬೀಗ. ಅಧ್ಯಕ್ಷ ಗ್ರಾಂಟ್, ತೈಲೋದ್ಯಮಿ ರಾಕ್‌ಫೆಲರ್ ಅದನ್ನು ಕೊಂಡವರಲ್ಲಿ ಸೇರಿದ್ದಾರೆ. ಇಡೀ ವ್ಯವಹಾರ ಒಬ್ಬನ ತಲೆಯಲ್ಲಿ, ಒಬ್ಬನ ಮೇಜಿನಲ್ಲಿ ಹಿಡಿಯುತ್ತದೆಂಬ ನಂಬಿಕೆಯ ಕೊನೆಯ ಗೋಪುರ ಅದು. ಅದೇ 1874ರಲ್ಲಿ ರೆಮಿಂಗ್ಟನ್ ಕಂಪನಿಯ ಟೈಪ್‌ರೈಟರ್ ಮಾರುಕಟ್ಟೆಗೆ ಬಂತು. ನಕಲು ಕಾಗದ ಬಂತು; 1893ರ ಷಿಕಾಗೋ ಪ್ರದರ್ಶನದಲ್ಲಿ ನೆಟ್ಟಗೆ ನಿಲ್ಲಿಸಿ ಕಾಗದ ಜೋಡಿಸುವ ಫೈಲು ಬೀರು ಕಾಣಿಸಿಕೊಂಡಿತು. ಕಾಗದ ಒಬ್ಬನ ಗೂಡಿನಿಂದ ಎಲ್ಲರ ಬೀರುವಿಗೆ ಹೋಯಿತು. 1906ರಲ್ಲಿ ಬಫಲೋ ನಗರದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಲಾರ್ಕಿನ್ ಕಂಪನಿಯ ಕಚೇರಿಯಲ್ಲಿ ಮೇಜುಗಳೆಲ್ಲ ಉಕ್ಕಿನವು, ಚಪ್ಪಟೆಯವು. ಎತ್ತರದ ಬೆಳಕಿನ ಅಂಗಳದಲ್ಲಿ ಸಾಲುಸಾಲಾಗಿ ಕೂತ ಗುಮಾಸ್ತರು ಮೇಲಿನ ಮಹಡಿಗಳಿಂದ ಕಾಣುತ್ತಿದ್ದರು. ಕೆಲವು ಮೇಜುಗಳಿಗೆ ಕುರ್ಚಿಯನ್ನೂ ತೋಳಿನಿಂದ ಬಂಧಿಸಲಾಗಿತ್ತು. ತೆರೆದ ಮೇಜಿನ ಎರಡನೆಯ ವಾರಸುದಾರ ಈ ಗುಮಾಸ್ತನೇ. ಮಂತ್ರಿಯ ಮೇಜು ತೆರೆದಿದ್ದದ್ದು ಅವನ ಗುಟ್ಟನ್ನು ಬೇರೆಯವರು ಕಾಯುತ್ತಿದ್ದುದರಿಂದ. ಗುಮಾಸ್ತನ ಮೇಜು ತೆರೆದದ್ದು ಅವನಿಗೆ ಗುಟ್ಟೇ ಇರಬಾರದೆಂಬ ಕಾರಣಕ್ಕೆ. ಮುಚ್ಚುವ ಮೇಜು ಬರೆಯುವವನದು. ಮುಚ್ಚದ ಮೇಜು ಬರೆಸುವವನದು.

ಕೊನೆಯ ಆಕ್ಷೇಪಣೆ ವ್ಯಾಪಾರಿಯದು, ಅದಕ್ಕೂ ಉತ್ತರ ಕೊಡಬೇಕು. ಈ ತತ್ವವೆಲ್ಲ ಇರಲಿ, ನನಗೆ ಬೇಕಾದದ್ದು ಮೇಜಿನ ವಯಸ್ಸು. ಶೈಲಿ ನೋಡಿಯೇ ನಾನು ಸರಿಯಾಗಿ ಹೇಳುತ್ತೇನೆ, ಎಂದು ಅವನು ಹೇಳಬಹುದು. ಹೇಳುವುದುಂಟು, ತಪ್ಪುವುದೂ ಉಂಟು. ಏಕೆಂದರೆ 19ನೆಯ ಶತಮಾನ ಹಿಂದಿನ ಎಲ್ಲ ಶೈಲಿಗಳನ್ನೂ ಮತ್ತೆ ಮಾಡಿತು. ಮೂರನೆಯ ನೆಪೋಲ್ಯನ್ನನ ಕಾಲದ ಪ್ಯಾರಿಸಿನಲ್ಲಿ ಲೂಯಿಗಳ ಮೇಜುಗಳು ಮರಳಿ ಹುಟ್ಟಿದವು. ಶತಮಾನದ ಕೊನೆಗೆ ಫ್ರಾಂಸ್ವಾ ಲಿಂಕೆಯಂಥವರು ವರ್ಸೇಲ್ಸಿನ ರಾಜಮೇಜಿನ ಪ್ರತಿಗಳನ್ನೇ ಮಾಡಿದರು. ಇವುಗಳ ಕಾಲು ಮೂಲದ ಕಾಲಿನಷ್ಟೇ ಬಳುಕುತ್ತದೆ. ನಿಜವಾದ ಪರಿಣತರು ಆಗ ಏನು ಮಾಡುತ್ತಾರೆಂದು ಗಮನಿಸಿ: ಡ್ರಾಯರನ್ನು ಹೊರಗೆಳೆದು ತಲೆಕೆಳಗು ಮಾಡುತ್ತಾರೆ. ಮೂಲೆಯಲ್ಲಿ ಹಲಗೆಗಳನ್ನು ಕಚ್ಚಿಸಿದ ಹಲ್ಲುಗಳು ಒಂದೊಂದೂ ಒಂದೊಂದು ಅಳತೆಯಲ್ಲಿದ್ದರೆ ಕೈಕೆಲಸ, ಅಚ್ಚು ಹೊಯ್ದಂತೆ ಒಂದೇ ಸಮವಿದ್ದರೆ ಯಂತ್ರದ ಕೆಲಸ. ಒಳಹಲಗೆಯ ಮೇಲೆ ಗರಗಸದ ಗೆರೆ ನೇರವಾಗಿದೆಯೋ, ಚಕ್ರಗರಗಸದ ಕಮಾನು ಬಿದ್ದಿದೆಯೋ ನೋಡುತ್ತಾರೆ. ಸ್ಕ್ರೂವಿನ ಮೊನೆ ಮೊಂಡಾಗಿದ್ದರೆ ಹಳೆಯದು. ಚೂಪು ಮೊನೆಯ ಯಂತ್ರದ ಸ್ಕ್ರೂ ಬಂದದ್ದು 19ನೆಯ ಶತಮಾನದ ನಡುವಿನಲ್ಲಿ. ಪ್ಯಾರಿಸಿನ ಮೇಜಾದರೆ ಬಡಗಿಯ ಹೆಸರಿನ ಮುದ್ರೆ ಹುಡುಕುತ್ತಾರೆ. 1751ರಿಂದ ಕ್ರಾಂತಿಯು ವೃತ್ತಿಸಂಘಗಳನ್ನು ರದ್ದುಮಾಡುವ ತನಕ ಅಲ್ಲಿ ಮುದ್ರೆ ಕಡ್ಡಾಯ, ದೊರೆಗಾಗಿಯೇ ದುಡಿಯುತ್ತಿದ್ದವರಿಗೆ ಮಾತ್ರ ವಿನಾಯಿತಿ. ಇವುಗಳಲ್ಲಿ ಯಾವುದೂ ಶೈಲಿಯಲ್ಲ. ಎಲ್ಲವೂ ಮಾಡಿದ ರೀತಿಯ ಗುರುತುಗಳು. ಸಂದೇಹ ಬಂದಾಗ ಶೈಲಿಯನ್ನು ಬಿಟ್ಟು ಖಾನೆಯೊಳಗೆ ಕೈಹಾಕುವ ಪರಿಣತ ನನ್ನ ವಾದವನ್ನು ಬಾಯಲ್ಲಿ ಒಪ್ಪದಿದ್ದರೂ ಕೈಯಲ್ಲಿ ಒಪ್ಪಿದ್ದಾನೆ.

ಇಷ್ಟನ್ನು ಒಪ್ಪಿದರೆ ನಾವು ಮಾಡಬೇಕಾದ ಕೆಲಸವೂ ಸ್ವಲ್ಪ ಇದೆ. ಕನ್ನಡನಾಡಿನಲ್ಲಿ ಹಳೆಯ ಕಚೇರಿಗಳಿಂದ, ಶಾನುಭೋಗರ ಮನೆಗಳಿಂದ, ಕಾಫಿ ತೋಟದ ಬಂಗಲೆಗಳಿಂದ ತೇಗದ, ಬೀಟೆಯ ಮೇಜುಗಳೂ ಡೆಸ್ಕುಗಳೂ ಇಂದು ಮಾರಾಟಕ್ಕೆ ಬರುತ್ತಿವೆ. ಅಂಗಡಿಯವರು ಅವುಗಳನ್ನು ಉಜ್ಜಿ, ಶಾಯಿಯ ಕಲೆ ತೆಗೆದು, ಹಳೆಯ ಬೀಗ ಕಿತ್ತು ಹೊಳೆಯುವ ಹಿಡಿ ಹಾಕಿ, ಪಾಲಿಶ್ ಹೊಡೆದು ‘ಕಲೋನಿಯಲ್ ಸ್ಟೈಲ್’ ಎಂಬ ಚೀಟಿ ಅಂಟಿಸುತ್ತಾರೆ. ಕಾಲು ಉಳಿಯುತ್ತದೆ, ಸಾಕ್ಷ್ಯ ಹೋಗುತ್ತದೆ. ಕೊಳ್ಳುವವರೂ ಮನೆಯಲ್ಲಿಟ್ಟುಕೊಂಡವರೂ ಮೊದಲು ಡ್ರಾಯರು ಎಳೆದು ನೋಡಲಿ: ಬೀಗ ಯಾವ ಊರಿನದು, ಖಾನೆಗಳ ಅಳತೆ ಯಾವ ಕಾಗದಕ್ಕೆ ಹೊಂದುತ್ತದೆ, ಒಳಹಲಗೆ ಯಾವ ಮರ, ತಳದಲ್ಲಿ ಅಂಟಿಸಿದ ಚೀಟಿ ಇದೆಯೇ, ಬಡಗಿ ಗೀಚಿದ ಗುರುತು ಇದೆಯೇ. ಅದನ್ನೆಲ್ಲ ಬರೆದಿಟ್ಟು, ಚಿತ್ರ ತೆಗೆದಿಟ್ಟು, ಆಮೇಲೆ ಬೇಕಾದರೆ ಧೂಳು ಒರೆಸಲಿ. ಉಪ್ಪುಕಾಗದದಿಂದ ಉಜ್ಜುವ ಅವಸರ ಬೇಡ. ವಸ್ತುಸಂಗ್ರಹಾಲಯಗಳೂ ಮೇಜುಗಳನ್ನು ಮುಚ್ಚಿಟ್ಟು ಹಗ್ಗ ಕಟ್ಟಿ ತೋರಿಸುವ ಬದಲು, ಒಂದನ್ನಾದರೂ ತೆರೆದಿಟ್ಟು, ಇದನ್ನು ಯಾವ ಕೆಲಸಕ್ಕೆ, ಯಾವ ಊರಿನ ಮರದಿಂದ ಮಾಡಿದರೆಂದು ಚೀಟಿಯಲ್ಲಿ ಬರೆಯಲಿ. ರಾಜನ ಹೆಸರು ಬೇಕಿದ್ದರೆ ಕೊನೆಯ ಸಾಲಿನಲ್ಲಿ ಇರಲಿ. ಶೈಲಿಯನ್ನು ಮೆಚ್ಚುವುದು ತಪ್ಪಲ್ಲ. ಆದರೆ ಮೆಚ್ಚಿಕೆ ಮೇಜಿನ ಹೊರಮೈಯಲ್ಲೇ ನಿಂತರೆ, ಅದನ್ನು ಮಾಡಿದ ಕೈಯನ್ನೂ ಅದರ ಮೇಲೆ ಬರೆದ ಕೈಯನ್ನೂ ಒಟ್ಟಿಗೆ ಮರೆತಂತಾಗುತ್ತದೆ.